ಎಲೆ ಕೊಯ್ಯುವ ಹಕ್ಕು

ಹಿತ್ತಲಲ್ಲಿ ಎರಡು ಮೀಟರ್ ಅಗಲದ ಜಾಗ, ಒಂದಷ್ಟು ಕಾಡುಗಲ್ಲು, ಮಣ್ಣು, ಗೊಬ್ಬರ ಇದ್ದರೆ ಸುರುಳಿ ಮಡಿ ಕಟ್ಟಬಹುದು. ಕಲ್ಲಿನ ಸಾಲನ್ನು ಬಸವನಹುಳುವಿನ ಚಿಪ್ಪಿನಂತೆ ಒಳಕ್ಕೆ ಸುತ್ತಿಸುತ್ತ, ನಡುವಿಗೆ ಬಂದಂತೆಲ್ಲ ಎತ್ತರಿಸುತ್ತ ಹೋಗಬೇಕು. ನೆತ್ತಿ ಸುಮಾರು ಒಂದು ಮೀಟರ್ ಎತ್ತರಕ್ಕೆ ಬಂದರೆ ಸಾಕು. ಸುರಿದ ನೀರು ನೆತ್ತಿಯಿಂದ ಬಸಿದು ಬುಡದಲ್ಲಿ ನಿಲ್ಲುವುದರಿಂದ ಒಂದೇ ಮಡಿಯಲ್ಲಿ ಮೇಲೆ ಒಣನೆಲ, ಕೆಳಗೆ ಜವುಗು ಸಿಗುತ್ತದೆ. ಈ ವಿನ್ಯಾಸ ಜನಪ್ರಿಯವಾದದ್ದು ಆಸ್ಟ್ರೇಲಿಯದ ಬಿಲ್ ಮಾಲಿಸನ್ (1928–2016) ಅವರಿಂದ. 1978ರಲ್ಲಿ ಡೇವಿಡ್ ಹೋಮ್‌ಗ್ರೆನ್ ಜೊತೆ ಬರೆದ ಪುಸ್ತಕದಿಂದ ಅವರು ಪರ್ಮಾಕಲ್ಚರ್ ಎಂಬ ಕೃಷಿವಿಚಾರವನ್ನು ಲೋಕದ ಮುಂದಿಟ್ಟವರು.

ಪಾಶ್ಚಾತ್ಯರು ನೆತ್ತಿಗೆ ರೋಸ್‌ಮೇರಿ, ಬುಡಕ್ಕೆ ಪುದೀನ ಇಡುತ್ತಾರೆ. ನಮ್ಮ ಹಿತ್ತಲಲ್ಲಾದರೆ ಮೇಲೆ ಲೋಳೆಸರ, ನಡುವೆ ತುಳಸಿ, ದೊಡ್ಡಪತ್ರೆ, ಕೆಳಗಿನ ತೇವದಲ್ಲಿ ಒಂದೆಲಗ, ಬಜೆ. ಬಿಸಿಲಿನ ಲೆಕ್ಕವೂ ಬೇರೆಯೇ. ಯುರೋಪಿನಲ್ಲಿ ದಕ್ಷಿಣದ ಮಗ್ಗುಲೇ ಸದಾ ಬೆಚ್ಚಗಿದ್ದರೆ, ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ. ಇಲ್ಲಿ ಕಾಯಬೇಕಾದದ್ದು ಪಡುವಣದ ಸುಡುಬಿಸಿಲನ್ನು.

ಇಷ್ಟೆಲ್ಲ ಲೆಕ್ಕ ಹಾಕುವವನು ಪ್ರತಿ ಗಿಡದ ಸ್ವಭಾವ ಕೇಳಿಕೊಂಡು ಅದಕ್ಕೆ ನೆಲೆ ಕೊಡುತ್ತಿದ್ದಾನೆ. ಹಳೆಯ ಔಷಧಿತೋಟಗಳ ಕ್ರಮ ಹೀಗಿರಲಿಲ್ಲ. ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ, ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್‌ನಲ್ಲಿ ಇಂದಿಗೂ ಉಳಿದಿರುವ ಕ್ರೈಸ್ತ ಮಠವೊಂದರ ನಕ್ಷೆಯಲ್ಲಿ ವೈದ್ಯನ ಮನೆಯ ಪಕ್ಕದಲ್ಲೇ ಹದಿನಾರು ನೇರ ಪಾತಿಗಳಿವೆ, ಪಾತಿಗೊಂದು ಗಿಡ. ಅದು ರೋಗಿಯ ಅಗತ್ಯಕ್ಕೆ ಹೊಂದಿಸಿದ ತೋಟ. ಸುರುಳಿ ಮಡಿ ಗಿಡದ ಅಗತ್ಯಕ್ಕೆ ಹೊಂದಿಸಿದ್ದು. ಆದರೆ ಎರಡರಲ್ಲೂ ಕೊನೆಗೆ ಎಲೆ ಕೊಯ್ಯುವುದು ಮನುಷ್ಯನೇ. ಚೆನ್ನಾಗಿ ನೆಲೆ ಕೊಟ್ಟ ಮಾತ್ರಕ್ಕೆ ಕೊಯ್ಯುವ ಹಕ್ಕು ಬಂತೇ?

ಬೌದ್ಧ ವಿನಯಪಿಟಕದಲ್ಲಿ ಜೀವಕನೆಂಬ ವೈದ್ಯನ ಕಥೆ ಬರುತ್ತದೆ. ತಕ್ಷಶಿಲೆಯ ಸುತ್ತ ಒಂದು ಯೋಜನದೊಳಗೆ ಔಷಧವಲ್ಲದ ಏನಾದರೂ ಕಂಡರೆ ತಾ ಎಂದು ಗುರು ಅವನನ್ನು ಕಳಿಸುತ್ತಾನೆ. ಜೀವಕ ಬರಿಗೈಯಲ್ಲಿ ಮರಳುತ್ತಾನೆ. ವಿದ್ಯೆ ಮುಗಿಯಿತು, ಹೋಗು ಎನ್ನುತ್ತಾನೆ ಗುರು. ಎಷ್ಟು ಸುಂದರ ಕಥೆಯಾದರೂ ಇಲ್ಲಿ ಗಿಡದ ಬೆಲೆ ನಿಂತಿರುವುದು ನಮ್ಮ ಕಾಯಿಲೆಯ ಮೇಲೆ. ಋಗ್ವೇದದ ಹತ್ತನೆಯ ಮಂಡಲದ ಓಷಧಿಸೂಕ್ತದ ದನಿ ಬೇರೆ. ಅಲ್ಲಿ ಬೇರು ಅಗೆಯುವವನು ತನಗೂ, ಯಾರಿಗಾಗಿ ಅಗೆಯುತ್ತಿದ್ದಾನೋ ಆ ರೋಗಿಗೂ ಕೇಡಾಗದಿರಲಿ ಎಂದು ಮೂಲಿಕೆಗಳನ್ನೇ ಬೇಡಿಕೊಳ್ಳುತ್ತಾನೆ. ಅಗೆತದಲ್ಲಿ ನೋವಿದೆ ಎಂಬ ಅರಿವು ಆ ಬೇಡಿಕೆಯೊಳಗೇ ಇದೆ.

ಜೈನರು ಇನ್ನೂ ಮುಂದೆ ಹೋದರು. ಮನುಷ್ಯನಂತೆಯೇ ಗಿಡವೂ ಹುಟ್ಟುತ್ತದೆ, ಬೆಳೆಯುತ್ತದೆ, ಕಡಿದರೆ ಬಾಡುತ್ತದೆ ಎನ್ನುತ್ತದೆ ಆಚಾರಾಂಗ ಸೂತ್ರ. ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ ಅದು. ಮುನಿಗಳು ಹಸಿರನ್ನು ಮುಟ್ಟುವುದಿಲ್ಲ. ಗೃಹಸ್ಥರಾದ ಶ್ರಾವಕರಲ್ಲಿ ಅನೇಕರು ಕಂದಮೂಲ ತಿನ್ನುವುದಿಲ್ಲ.

ಸುರುಳಿ ಮಡಿಯ ಮುಂದೆ ಕೂತವನಿಗೆ ಈ ವಾದಗಳೆಲ್ಲ ಬೆರಳ ತುದಿಗೆ ಬರುತ್ತವೆ. ತುಳಸಿಯ ಕುಡಿ ಚಿವುಟಿದರೆ ಗಿಡ ಸಾಯುವುದಿಲ್ಲ. ಕುಡಿಯಲ್ಲಿ ಹುಟ್ಟಿ ಪಕ್ಕದ ಮೊಗ್ಗುಗಳನ್ನು ತಡೆಹಿಡಿದಿದ್ದ ಆಕ್ಸಿನ್ ಎಂಬ ರಸ ತಗ್ಗಿ, ಎಡಬಲದಲ್ಲಿ ಹೊಸ ಚಿಗುರು ಒಡೆಯುತ್ತದೆ. ರೋಸ್‌ಮೇರಿಯನ್ನು ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅದು ಮತ್ತೆ ಚಿಗುರುವುದು ಕಷ್ಟ. ಬಜೆಯದು ಇನ್ನೊಂದು ಬಗೆ. ಬೇಕಾದದ್ದು ಅದರ ಗೆಡ್ಡೆಯೇ, ಕೀಳದೆ ಸಿಗದು. ಮೊಳಕೆಯಿರುವ ತುಂಡೊಂದನ್ನು ಕೆಸರಿನಲ್ಲಿ ಉಳಿಸಿದರೆ ಮಾತ್ರ ಮುಂದಿನ ಬೆಳೆ. ಚಿವುಟುವುದೂ ಕೀಳುವುದೂ ಒಂದೇ ಅಲ್ಲ. ಎಷ್ಟು ತೆಗೆದರೆ ಗಿಡ ತಡೆದೀತು ಎಂದು ತಿಳಿಯದೆ ಕೈಹಾಕುವುದು ಹಿಂಸೆಯೇ, ಕೊಯ್ದದ್ದು ಪೂಜೆಗಾದರೂ ಸರಿ. ಕುಡಿ ಚಿವುಟುವುದು ಗಿಡಕ್ಕೇ ಒಳ್ಳೆಯದು ಎಂಬ ಮಾತನ್ನೂ ತುಸು ಅನುಮಾನದಿಂದಲೇ ನೋಡಬೇಕು. ಹೂ ಬಿಟ್ಟು ಬೀಜ ಕಟ್ಟುವುದು ತುಳಸಿಯ ದಾರಿ. ಪೊದೆಯಾಗಲಿ ಎಂದು ಬಯಸುವವರು ನಾವು.

ವೈಷ್ಣವ ಮನೆಗಳಲ್ಲಿ ದ್ವಾದಶಿಯ ದಿನ ತುಳಸಿ ಕೊಯ್ಯುವುದಿಲ್ಲ, ಸಂಜೆಯ ಮೇಲೂ ಮುಟ್ಟುವುದಿಲ್ಲ. ಅದಕ್ಕೆ ಶಾಸ್ತ್ರದ ಕಾರಣಗಳು ಬೇರೆಯೇ ಇದ್ದಾವು. ಆದರೂ ಕೈಗೆ ಹತ್ತಿರವಿರುವುದನ್ನೆಲ್ಲ ಯಾವಾಗ ಬೇಕಾದರೂ ಕೊಯ್ಯಬಾರದು ಎಂಬ ಕಟ್ಟು ಅದರಿಂದ ಮನೆಮಂದಿಗೆಲ್ಲ ರೂಢಿಯಾಯಿತು. ಸುರುಳಿ ಮಡಿಗೆ ಇಂಥ ಕಟ್ಟು ಇನ್ನೂ ಹೆಚ್ಚು ಬೇಕು, ಏಕೆಂದರೆ ಅಡುಗೆಮನೆ ಬಾಗಿಲಿಂದ ಕೈಗೆಟುಕುವಂತಿರಲಿ ಎಂದೇ ಅದನ್ನು ಕಟ್ಟುವುದು.

ಪ್ರತಿ ಗಿಡದಲ್ಲೂ ಒಂದೆರಡು ಕೊಂಬೆಯನ್ನು ಕೊಯ್ಯದೆ ಹೂವಿಗೆ ಬಿಡುವುದು ಈ ಬರಹದ ಸಲಹೆ. ತುಳಸಿ ಹೂವಿಗೆ ಜೇನು ಬರುತ್ತದೆ, ಬೀಜ ಉದುರುತ್ತದೆ, ಮಳೆ ಬಿದ್ದ ಮೇಲೆ ಸಸಿಗಳು ಏಳುತ್ತವೆ, ಕೆಲವು ಬುಡದಲ್ಲಿ ಒಂದೆಲಗಕ್ಕೆಂದು ಮೀಸಲಿಟ್ಟ ತೇವದಲ್ಲೇ. ತುಳಸಿಯ ಸ್ವಭಾವಕ್ಕೆ ಅದು ತಕ್ಕ ಜಾಗವಲ್ಲವೆಂದು ನಕ್ಷೆ ಹೇಳುತ್ತದೆ. ಕಿತ್ತು ಮೇಲೆ ನೆಡುವ ಮೊದಲು ಒಂದು ಮಳೆಗಾಲವಾದರೂ ಅದನ್ನು ಅಲ್ಲೇ ಬೆಳೆಯಲು ಬಿಟ್ಟು ನೋಡಬೇಕು.