ದಿನದ ಧಮ್ಮ ಚಿಂತನೆ: ಬೇರೆ ಪಾತ್ರೆ





ನಾನು ಐರ್ಲೆಂಡಿನ ಕಾರ್ಕ್ ನಗರದಲ್ಲಿ ನರ್ಸ್. ಪಕ್ಕದ ಮನೆಯ ಅಜ್ಜಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹವೇ ತನ್ನ ಸಣ್ಣ ಕರುಳನ್ನು ಹಾಳು ಮಾಡಿಕೊಳ್ಳುತ್ತದೆ. ತಾಯಿ ಮಾಡುತ್ತಿದ್ದ ಸೋಡಾ ಬ್ರೆಡ್ ತಿಂದು ವರ್ಷಗಳಾದವು ಎಂದರು. ನಾನು ಮಾಡಿಕೊಡುತ್ತೇನೆ ಎಂದೆ.

"ಹಲಗೆ, ಜರಡಿ, ಬೆಣ್ಣೆ ಎಲ್ಲವೂ ಬೇರೆ ಇರಬೇಕು, ಬೇಜಾರು ಮಾಡಿಕೊಳ್ಳಬೇಡ" ಎಂದು ಸಂಕೋಚದಿಂದ ಹೇಳಿದರು.

*ಬೇರೆ* ಎಂಬ ಪದ ಎದೆಗೆ ಚುಚ್ಚಿತು. ನಮ್ಮೂರ ಚಹಾ ಹೋಟೆಲಿನಲ್ಲಿ ಅಪ್ಪನಿಗೆ ಬೇರೆ ಲೋಟ. ಕುಡಿದು, ತಾನೇ ತೊಳೆದು, ಹೊರಗೆ ಇಡಬೇಕಿತ್ತು. ಇಲ್ಲಿಗೂ ಮಡಿ ಬಂತಲ್ಲ ಎಂದುಕೊಂಡೆ. ಗ್ಲುಟೆನ್ ಇಲ್ಲದ ಹಿಟ್ಟು ತಂದೆ, ಆದರೆ ಚಪಾತಿ ಹಲಗೆಯನ್ನೇ ಒರೆಸಿ ಅದರ ಮೇಲೆ ತಟ್ಟಿದೆ.

ಅಜ್ಜಿ ಎರಡು ಚೂರು ತಿಂದು ಎರಡು ದಿನ ಮಲಗಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ನರ್ಸಾದ ನನಗೆ ಇದೆಲ್ಲ ಗೊತ್ತಿತ್ತು. ಹಳೆಯ ಗಾಯ ಮಾತಾಡುವಾಗ ತಿಳಿವಳಿಕೆಯ ಮಾತು ಕೇಳಿಸಲಿಲ್ಲ.

ಬೇರೆ ಪಾತ್ರೆ ಯಾವಾಗ ಅವಮಾನ, ಯಾವಾಗ ಕಾಳಜಿ?

ಅಪ್ಪ ಮುಟ್ಟಿದ ಲೋಟದಿಂದ ಯಾರಿಗೂ ಕಾಯಿಲೆ ಬರಲಿಲ್ಲ. ಆ ಲೋಟವನ್ನು ಅಪ್ಪ ಕೇಳಲೂ ಇಲ್ಲ. ಅದು ಇದ್ದದ್ದು ಅವರನ್ನು ಹೊರಗಿಡಲು. 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಕುಡಿದಾಗ ನೀರಿಗೇನೂ ಆಗಲಿಲ್ಲ. ಮೈಲಿಗೆ ಇದ್ದದ್ದು ನೋಡುವವರ ತಲೆಯಲ್ಲಿ.

ಅಜ್ಜಿಯ ಹಲಗೆ ಹಾಗಲ್ಲ. ಅವರ ಕಾಯಿಲೆ ರಕ್ತ ಪರೀಕ್ಷೆಯಲ್ಲಿ ಕಾಣುತ್ತದೆ. ನೋಯುವವರೇ ಅದನ್ನು ಕೇಳಿದರು. ಅದು ಇರುವುದು ಅವರನ್ನು ಊಟಕ್ಕೆ ಒಳಗೆ ಕರೆಯಲು.

ಸಂಪ್ರದಾಯ ಎಂಬ ಕಾರಣಕ್ಕೆ ಒಪ್ಪಬೇಡಿ, ಪರೀಕ್ಷಿಸಿ ನೋಡಿ ಎಂದರು ಭಗವಾನ್ ಬುದ್ಧರು. ನಾನು ಕಲಿತದ್ದು ಅರ್ಧ. ನನ್ನ ನೋವು ಹೇಳಿತು ಎಂದು ಪರೀಕ್ಷಿಸದೆ ತಳ್ಳಿಹಾಕುವುದೂ ಕುರುಡೇ. ಬಾಬಾಸಾಹೇಬರು ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೆ ಹೇಳಿದ್ದು ಯಾಕೆಂದು ಆಗ ಅರ್ಥವಾಯಿತು. ಎಲ್ಲರಿಗೂ ಒಂದೇ ಹಲಗೆ ಎಂಬ ನನ್ನ ಸಮತೆಯಲ್ಲಿ ಪ್ರಜ್ಞೆ ಇರಲಿಲ್ಲ.

ಮತ್ತೆ ಮಾಡಿದೆ. ಹೊಸ ಬಟ್ಟಲು, ಹೊಸ ಜರಡಿ, ಹೊಸ ಟಿನ್ನು. ಅಕ್ಕಿ ಹಿಟ್ಟು, ಆಲೂಗಡ್ಡೆ ಪಿಷ್ಟ, ಚಿಟಿಕೆ ಕ್ಸಾಂಥನ್ ಗಮ್, ಅಡುಗೆ ಸೋಡಾ, ಉಪ್ಪು, ಮಜ್ಜಿಗೆ. ಮಜ್ಜಿಗೆಯ ಹುಳಿ ತಗುಲಿದೊಡನೆ ಸೋಡಾ ಉಬ್ಬುತ್ತದೆ, ಯೀಸ್ಟ್ ಬೇಡ. ಗ್ಲುಟೆನ್ನಿನ ಅಂಟಿಲ್ಲದ್ದರಿಂದ ಹಿಟ್ಟು ಸಡಿಲ, ಟಿನ್ನಿಗೇ ಹುಯ್ಯಬೇಕು.

ಅಜ್ಜಿ ಮೊದಲು ನನ್ನ ಮುಖ ನೋಡಿದರು, ಆಮೇಲೆ ಬ್ರೆಡ್ ಮುರಿದರು. ಆ ಒಂದು ಕ್ಷಣ ನಾನು ಮರೆಯುವುದಿಲ್ಲ. ಒಂದೇ ಮೇಜಿನಲ್ಲಿ, ಒಂದೇ ಬ್ರೆಡ್ಡನ್ನು ಇಬ್ಬರೂ ತಿಂದೆವು.

*ಇಂದಿನ ಮನನ:* ನನ್ನ ಹಳೆಯ ನೋವು ಇಂದು ಯಾರ ನೋವನ್ನು ಕಾಣದಂತೆ ಮಾಡುತ್ತಿದೆ?

ಎಲ್ಲರಿಗೂ ಮಂಗಳವಾಗಲಿ 🙏