ತೋಳಿನ ಮೇಲಿನ ಆನೆ

ಪಿಂಚಣಿದಾರರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ರುಜುವಾತು ಕೊಡಬೇಕು. ಕಂಬಂ ಕಣಿವೆಯ ನಮ್ಮ ಶಾಖೆಯಲ್ಲಿ ಆ ಕಾಗದಗಳನ್ನು ನೋಡುವ ಕೆಲಸ ಬಹುಕಾಲ ನನ್ನದಾಗಿತ್ತು. ಪಿಂಚಣಿ ಆದೇಶದಲ್ಲಿ 'ಗುರುತಿನ ಚಿಹ್ನೆ' ಎಂಬ ಸಾಲೊಂದು ಇರುತ್ತಿತ್ತು. ಹೆಚ್ಚಿನವರಿಗೆ ಮಚ್ಚೆ, ಗಾಯದ ಕಲೆ. ಮಾಜಿ ಸೈನಿಕರಲ್ಲಿ ಕೆಲವರಿಗೆ ಹಚ್ಚೆ.

2012ರಲ್ಲಿ ನಮ್ಮ ಕಡೆಯವರೇ ಆದ ಹಿರಿಯರೊಬ್ಬರು ಬಂದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಏಲಕ್ಕಿ ತೋಟದ ಕೆಲಸಕ್ಕೆ ಕುಮಿಳಿ ಘಾಟಿ ಹತ್ತಿದರೆ ಮಲಯಾಳ, ನಮ್ಮೆಲ್ಲರ ಹಾಗೆಯೇ. ಮದ್ರಾಸ್ ರೆಜಿಮೆಂಟಿನಲ್ಲಿದ್ದವರು. "ಮಾವ, ಸ್ವಲ್ಪ ತೋಳು ಮಡಿಸಿ" ಎಂದೆ. ಆನೆಯ ಚಿತ್ರ, ಅದರ ಕೆಳಗೆ ತಮಿಳಿನಲ್ಲಿ ಒಂದು ಹೆಸರು. ಅವರ ಹೆಸರಲ್ಲ, 1971ರ ಯುದ್ಧದಲ್ಲಿ ತೀರಿಕೊಂಡ ಜೊತೆಗಾರನದು. "ನೋಡಪ್ಪಾ, ಸತ್ತವನ ಹೆಸರು ತೋರಿಸಿ ನಾನು ಬದುಕಿದ್ದೀನಿ ಅಂತ ಸಾಬೀತು ಮಾಡ್ತಾ ಇದೀನಿ" ಎಂದರು. ಸಾಲಿನಲ್ಲಿದ್ದವರು ನಕ್ಕರು. ಅವರು ನಗಲಿಲ್ಲ.

ಆ ಮಾತು ನನ್ನನ್ನು ಬಿಡಲಿಲ್ಲ. ಹಚ್ಚೆ ಯಾರದು? ಹೊತ್ತವನದೋ, ಯಾರಿಗಾಗಿ ಹೊತ್ತನೋ ಅವನದೋ?

ಆ ಆನೆಯ ಕಥೆಯೂ ಸರಳವಲ್ಲ. 1803ರ ಅಸ್ಸಾಯೆ ಕದನದಲ್ಲಿ ತೋರಿದ ಶೌರ್ಯಕ್ಕಾಗಿ ಮದ್ರಾಸಿನ ಪಡೆಗಳಿಗೆ ದೊರೆತ ಲಾಂಛನ ಅದು. ಅಂದು ಅವರು ಹೋರಾಡಿದ್ದು ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ, ಮರಾಠರ ವಿರುದ್ಧ. ಸ್ವತಂತ್ರ ಭಾರತದ ಸೈನಿಕ ಅದನ್ನು ಹೆಮ್ಮೆಯಿಂದ ಹೊರಬಹುದೇ? ಹೊರಬಹುದೆಂದೇ ನನ್ನ ಎಣಿಕೆ. ಅವನು ನೆನೆಯುವುದು ಆಜ್ಞೆ ಕೊಟ್ಟವನನ್ನಲ್ಲ, ಪಕ್ಕದಲ್ಲಿ ನಿಂತವನನ್ನು. ಆದರೆ ಅದೇ ಕಂಪೆನಿ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆ ಹೊಯ್ಯಿಸುತ್ತಿತ್ತು; 1849ರಲ್ಲಿ ಅದು ನಿಂತಿತು. ಬ್ರಿಟಿಷ್ ಸೈನ್ಯ ಓಡಿಹೋದ ಸಿಪಾಯಿಯ ಮೈಮೇಲೆ 'ಡಿ' ಅಕ್ಷರ ಚುಚ್ಚುತ್ತಿದ್ದುದು 1871ರವರೆಗೆ. ಅದೇ ಸೂಜಿ, ಅದೇ ಮಸಿ. ತಾನಾಗಿ ಬಯಸಿದ್ದು ಗೌರವ, ಹೇರಿದ್ದು ಅವಮಾನ ಎನ್ನೋಣವೇ? ನನ್ನ ಅಮ್ಮನ ಮುಂಗೈಯ ಹಚ್ಚೆಯನ್ನು ಅವಳು ಬಯಸಿರಲಿಲ್ಲ. ಏಳು ವರ್ಷದ ಹುಡುಗಿಯನ್ನು ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳಂತೆ. ಆದರೂ, ಸತ್ತಾಗ ಒಡವೆಯನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಎಂದು ಅಭಿಮಾನದಿಂದಲೇ ಹೇಳುತ್ತಿದ್ದಳು. ಹೀಗಾಗಿ ಬಯಕೆಯೊಂದರಿಂದ ಲೆಕ್ಕ ಹೊಂದುವುದಿಲ್ಲ.

ಕಳೆದ ವರ್ಷ ಮಾವನ ಮೊಮ್ಮಗ, ದಿಂಡಿಗಲ್ಲಿನಲ್ಲಿ ಓದುವವನು, ಅದೇ ಆನೆಯನ್ನು ಹಾಕಿಸಿಕೊಳ್ಳುತ್ತೇನೆಂದ. ಸೈನ್ಯ ಸೇರುವ ಯೋಚನೆ ಅವನಿಗಿಲ್ಲ. (ಸೇರುವುದಿದ್ದರೂ, ಮುಂಗೈಯ ಒಳಮೈ ಮತ್ತು ಕೈಯ ಹಿಂಭಾಗ ಬಿಟ್ಟು ಬೇರೆಡೆ ಹಚ್ಚೆಯಿದ್ದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.) ತಾತನ ಮೇಲಿನ ಪ್ರೀತಿ, ಅಷ್ಟೇ. ಮಾವ ಒಪ್ಪಲಿಲ್ಲ, ನನ್ನ ಅಭಿಪ್ರಾಯ ಕೇಳಿದರು. "ಪ್ರೀತಿ ತಾನೇ ಮಾವ, ಬಿಡಿ" ಎಂದೆ.

"ಪ್ರೀತಿಗೆ ಬೇಕಾದ್ರೆ ನನ್ನ ಹೆಸರು ಬರೆಸ್ಕೊಳ್ಳಲಿ. ಆನೆ ಕೊಡೋಕೆ ಅದು ನನ್ನೊಬ್ಬನದಲ್ಲ" ಎಂದರು.

ಮೊದಲು ಇದು ಮುದುಕರ ಹಟ ಎನಿಸಿತು. ಆದರೆ ಕೌಂಟರಿನಲ್ಲಿ ಕೂತವನಿಗೆ ಬೇಗ ಹೊಳೆಯಬೇಕಿತ್ತು. ಅದು ಜಂಟಿ ಖಾತೆ. ಖಾತೆದಾರರಲ್ಲಿ ಎಷ್ಟೋ ಮಂದಿ ಸತ್ತಿದ್ದಾರೆ. ಉಳಿದವರೊಬ್ಬರ ರುಜುವಿನ ಮೇಲೆ ಅದನ್ನು ಮೊಮ್ಮಗನಿಗೆ ವರ್ಗಾಯಿಸಲು ಬರುವುದಿಲ್ಲ.

2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ತೋಳು ಮಡಿಸಿ ಎಂದು ನಾನು ಯಾರಿಗೂ ಹೇಳಬೇಕಾಗಿಲ್ಲ. ಹುಡುಗ ಇನ್ನೂ ಏನನ್ನೂ ಬರೆಸಿಕೊಂಡಿಲ್ಲ. ಈ ಪೊಂಗಲಿಗೆ ಊರಿಗೆ ಬಂದವನು, ಆ ಜೊತೆಗಾರ ಯಾವ ಊರಿನವರು ಎಂದು ತಾತನನ್ನು ಕೇಳಿದನಂತೆ.