ಕೈ ಕಟ್ಟು, ಬಾಯಿ ಮುಚ್ಚು

ನಮ್ಮ ಶಾಲೆಗಳಲ್ಲಿ ಈ ಎರಡು ಅಪ್ಪಣೆಗಳು ಜೋಡಿಯಾಗಿಯೇ ಬರುತ್ತವೆ. ಬಾಯಿ ಮುಚ್ಚಿಸುವುದು ಗದ್ದಲಕ್ಕೆ. ಕೈ ಏನು ತಪ್ಪು ಮಾಡಿತು? ಉತ್ತರ ಹೇಳಲು ಎದ್ದು ನಿಂತ ಹುಡುಗಿಯೂ ಕೈ ಕಟ್ಟಿಕೊಂಡೇ ಹೇಳಬೇಕು.

ಇತ್ತ ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಕೈಗೆ ವಿಪರೀತ ಬೆಲೆ ಬಂದಿದೆ. ಸಂವಹನದಲ್ಲಿ ಮಾತಿನ ಪಾಲು ಶೇ. 7, ಉಳಿದ 93 ದನಿ ಮತ್ತು ಬಾಡಿ ಲಾಂಗ್ವೇಜ್‌ನದು ಎಂದು ಅಲ್ಲಿ ಘೋಷಿಸುತ್ತಾರೆ. ಈ ಲೆಕ್ಕದ ಮೂಲವಾದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರ ಪ್ರಯೋಗಗಳಲ್ಲಿ ನೋಡಿದ್ದು ಮೆಚ್ಚುಗೆ, ಅಪ್ರಿಯತೆಯಂಥ ಭಾವಗಳನ್ನು ಮಾತ್ರ; ಅದೂ ದನಿ ಮತ್ತು ಮುಖಭಾವದಲ್ಲಿ. ಅಲ್ಲಿ ಕೈಯೇ ಇರಲಿಲ್ಲ. ಆದರೂ ಕೈ ಎಂದರೆ ಒಳಗಿನ ಗುಟ್ಟನ್ನು ರಟ್ಟು ಮಾಡುವ ಅಂಗ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಯೋಚನೆಯಲ್ಲಿ ದೇಹವೂ ಪಾಲುದಾರ ಎನ್ನುವ ‘ದೇಹಗತ ಅರಿವು’ ಎಂಬ ತತ್ತ್ವ ಹೇಳುವುದು ಇದನ್ನಲ್ಲ.

ಪಿಯುಸಿ ವಿದ್ಯಾರ್ಥಿಯನ್ನು ಕೇಳಿ: ಮೇಲಕ್ಕೆ ಚಿಮ್ಮಿದ ನಾಣ್ಯ ಇನ್ನೂ ಏರುತ್ತಿದೆ, ಗಾಳಿಯ ತಡೆಯನ್ನು ಬಿಟ್ಟುಬಿಡೋಣ, ಈಗ ಅದರ ಮೇಲಿರುವ ಬಲ ಯಾವುದು? ‘ಗುರುತ್ವ ಬಲ ಮಾತ್ರ ಸರ್, ಕೆಳಮುಖವಾಗಿ.’ ಉತ್ತರ ಸರಿ. ಆದರೆ ಹಾಗೆ ಹೇಳುತ್ತಲೇ ಅವನ ಅಂಗೈ ಏನನ್ನೋ ತಳ್ಳುವಂತೆ ಮೇಲೇರುತ್ತದೆ, ಏರುತ್ತಾ ಬಿಗಿ ಕಳೆದುಕೊಳ್ಳುತ್ತದೆ, ತುದಿಯಲ್ಲಿ ಸೋತು ಮಗುಚುತ್ತದೆ. ಎಸೆದವನು ಕೊಟ್ಟ ಬಲ ನಾಣ್ಯದೊಳಗೆ ಉಳಿದಿತ್ತು, ಖರ್ಚಾಗುತ್ತಾ ಹೋಯಿತು ಎಂಬಂತೆ. ಹದಿನಾಲ್ಕನೇ ಶತಮಾನದಲ್ಲಿ ಪ್ಯಾರಿಸ್ಸಿನ ತತ್ತ್ವಜ್ಞಾನಿ ಜಾನ್ ಬುರಿಡನ್ ಇದಕ್ಕೆ ಹತ್ತಿರದ ಮಾತನ್ನೇ ಸಿದ್ಧಾಂತವಾಗಿ ಹೇಳಿದ್ದ. ಅಮೆರಿಕದ ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೂಡ, ಯಂತ್ರಶಾಸ್ತ್ರದ ಪಾಠ ಕೇಳಿದ ಮೇಲೂ, ಏರುವ ನಾಣ್ಯಕ್ಕೆ ಮೇಲ್ಮುಖ ಬಲದ ಬಾಣ ಹಾಕಿದ್ದರು.

ಹಾಗಾದರೆ ಬಾಯಿ ಉರು ಹೊಡೆದದ್ದನ್ನು ಒಪ್ಪಿಸಿತು, ಕೈ ನಿಜ ನುಡಿಯಿತು ಎನ್ನೋಣವೇ? ಅವಸರ ಬೇಡ. ಏರಿದ ಅಂಗೈ ಬಲವನ್ನೇ ತೋರಿಸಿತೆಂದು ಹೇಳಿದವರಾರು? ಅದು ವೇಗವಾಗಿರಬಹುದು, ಬರೀ ನಾಣ್ಯದ ದಾರಿಯೂ ಆಗಿರಬಹುದು. ನಾಣ್ಯದ ವೇಗ ಏರುತ್ತಾ ಕುಗ್ಗುವುದಂತೂ ನಿಜವೇ. ಹಾಗೆ ನೋಡಿದರೆ ಕೈಯದೂ ಸರಿಯುತ್ತರ. ‘ನೀನು ತೋರಿಸಿದ್ದು ಬಲವನ್ನೋ ವೇಗವನ್ನೋ?’ ಎಂದು ಕೇಳಿ ನೋಡಿ. ಹುಡುಗ ತಡವರಿಸಿದರೆ ಅದು ಗುಟ್ಟು ಬಯಲಾದ ಗಾಬರಿಯಲ್ಲ. ಆ ಎರಡೂ ಅವನಲ್ಲಿ ಇನ್ನೂ ಬೇರೆಬೇರೆಯಾಗಿಲ್ಲ; ಒಳಗೆ ಅಡಗಿಸಿಡಲು ಸಿದ್ಧ ಉತ್ತರವೇ ಇಲ್ಲ. ಅವನ ಯೋಚನೆ ಎಷ್ಟು ದೂರ ಬಂದಿದೆಯೋ ಅಷ್ಟನ್ನು ಕೈ ಆಡಿಸುತ್ತಿದೆ. ಮುಗಿದ ವಿಚಾರದ ಸೂಚನೆಯಾಗಿ ಕೈಯನ್ನು ಓದುವುದು ಬೇರೆ, ನಡೆಯುತ್ತಿರುವ ವಿಚಾರದ ಭಾಗವಾಗಿ ನೋಡುವುದು ಬೇರೆ.

ಷಿಕಾಗೊದ ಸೂಸನ್ ಗೋಲ್ಡಿನ್-ಮೆಡೋ ಮತ್ತು ಬ್ರೆಕಿನ್ರಿಜ್ ಚರ್ಚ್ 1986ರಲ್ಲಿ ಮಕ್ಕಳಲ್ಲಿ ಕಂಡದ್ದೂ ಇದಕ್ಕೆ ಒತ್ತಾಸೆಯಾಗಿದೆ. ಉದ್ದ ಲೋಟದ ನೀರನ್ನು ಅಗಲ ಪಾತ್ರೆಗೆ ಸುರಿದು, ನೀರು ಅಷ್ಟೇ ಇದೆಯೇ ಎಂದು ಕೇಳಿದಾಗ ಬಾಯಲ್ಲಿ ಎತ್ತರದ ಮಾತಾಡುತ್ತಾ ಕೈಯಲ್ಲಿ ಅಗಲ ತೋರಿಸುವ ಮಕ್ಕಳಿದ್ದರು. ಮಾತೂ ಕೈಯೂ ಒಂದೇ ತಪ್ಪನ್ನು ಹೇಳಿದವರಿಗಿಂತ, ಹೀಗೆ ಹೊಂದಿಕೆ ತಪ್ಪಿದವರೇ ಮುಂದಿನ ಪಾಠದಿಂದ ಹೆಚ್ಚು ಕಲಿತರು.

ಕೈ ಯೋಚನೆಯ ಭಾಗ ಎಂಬ ಈ ಮಾತಿಗೆ ತಕರಾರು ತೆಗೆಯಬಹುದಾಗಿದ್ದವರು ತತ್ತ್ವಜ್ಞಾನಿ ಜೆರಿ ಫೋಡರ್. ಚಿಂತನೆ ನಡೆಯುವುದು ಮನಸ್ಸಿನೊಳಗಿನ ಭಾಷೆಯಂಥ ಸಂಕೇತಗಳಲ್ಲಿ ಎಂದು 1975ರಲ್ಲಿ ಅವರು ವಾದಿಸಿದರು. ಆ ಲೆಕ್ಕದಲ್ಲಿ ಬಾಯಿ, ಕೈ ಎರಡೂ ಬರೀ ಪ್ರಿಂಟರುಗಳು. ಅವರ ತರ್ಕ ಚೊಕ್ಕವಾಗಿದೆ. ನನಗೆ ಹಿಡಿಸದಿರುವುದೂ ಆ ಚೊಕ್ಕತನವೇ. ಗಣಿತ ವಿವರಿಸುವಾಗ ಕೈಯಾಡಿಸಿದವರು, ಕೈ ಬಿಗಿಹಿಡಿದವರಿಗಿಂತ ಬೇರೊಂದು ಪಟ್ಟಿಯನ್ನು ಹೆಚ್ಚು ನೆನಪಿಟ್ಟುಕೊಂಡರೆಂದು 2001ರ ಪ್ರಯೋಗವೊಂದು ತೋರಿಸಿತು. ಪ್ರಿಂಟರನ್ನು ಆಫ್ ಮಾಡಿದರೆ ಯಂತ್ರದ ನೆನಪು ಕುಗ್ಗುವುದಿಲ್ಲ. ಹುಟ್ಟುಕುರುಡರು ಕುರುಡರೊಡನೆ ಮಾತಾಡುವಾಗಲೂ ಕೈಯಾಡಿಸುತ್ತಾರೆ. ಯಾರಿಗೆ ತೋರಿಸಲು?

ಕೈಯಾಟವೆಲ್ಲ ಅರಿವೆಂದು ನಾನು ಹೇಳುತ್ತಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಫ್ಲೆಮಿಂಗನ ಎಡಗೈ ನಿಯಮಕ್ಕಾಗಿ ಬೆರಳು ತಿರುಚುವುದು ಕಲಿಸಿಕೊಟ್ಟ ಭಂಗಿ, ಸೂತ್ರದಷ್ಟೇ ಕಂಠಪಾಠ. ವಿದ್ಯುತ್ ಹರಿಯುವ ತಂತಿಯನ್ನು ಕಾಂತಕ್ಷೇತ್ರಕ್ಕೆ ಸಮಾಂತರವಾಗಿ ಇಟ್ಟರೆ ಬಲ ಸೊನ್ನೆ. ಒಂದಕ್ಕೊಂದು ಲಂಬವಾಗಿ ನಿಲ್ಲಿಸಿದ ಮೂರು ಬೆರಳುಗಳಲ್ಲಿ ಅದನ್ನು ತೋರಿಸುವ ದಾರಿಯಿಲ್ಲ; ಬಲವನ್ನು ಸೂಚಿಸುವ ಹೆಬ್ಬೆರಳು ಆಗಲೂ ಯಾವುದೋ ಒಂದು ದಿಕ್ಕಿಗೆ ಚಾಚಿಕೊಂಡೇ ಇರುತ್ತದೆ.